ಬಾಗಿನದ ಜೊತೆ ಬಂದ ಕಾಗದ

ಹೆಣ್ಣುಮಕ್ಕಳಿಗೂ ಆಸ್ತಿಯಲ್ಲಿ ಸಮಪಾಲು ಇದೆ ಅಂತ ನಮ್ಮ ಬೇಲೂರು ಕಡೆ ಭಾಷಣ ಮಾಡಿದರೆ ಯಾರೂ ಎದುರಾಡುವುದಿಲ್ಲ. ತಲೆ ಆಡಿಸುತ್ತಾರೆ, ಚಪ್ಪಾಳೆ ತಟ್ಟುತ್ತಾರೆ, ಟೀ ಕುಡಿದು ಮನೆಗೆ ಹೋಗುತ್ತಾರೆ. ಆಮೇಲೆ ಒಂದು ದಿನ ಅಣ್ಣ ಫೋನ್ ಮಾಡಿ "ಒಂದು ಸೈನ್ ಬೇಕಿತ್ತು ಕಣಮ್ಮ, ಸಬ್ ರಿಜಿಸ್ಟ್ರಾರ್ ಆಫೀಸಿಗೆ ಬಂದು ಹೋಗು" ಅನ್ನುತ್ತಾನೆ. ಬಸ್ ಹತ್ತಿ ಹೋಗಿ, ಆಸ್ತಿಯಲ್ಲಿ ತಮ್ಮ ಪಾಲು ಬಿಟ್ಟುಕೊಟ್ಟೆವು ಅನ್ನುವ ಹಕ್ಕು ಖುಲಾಸೆ ಪತ್ರಕ್ಕೆ ಸೈನ್ ಹಾಕಿ, ಅವನು ಕೊಡಿಸಿದ ಸೀರೆ ಹಿಡಿದುಕೊಂಡು ಸಂಜೆ ಬಸ್ಸಿಗೆ ವಾಪಸ್ ಬರುತ್ತಾರೆ. ಅಷ್ಟೇ. ತವರಿನ ಭೂಮಿಗೂ ಅವರಿಗೂ ಇದ್ದ ಸಂಬಂಧ ಅಲ್ಲಿಗೆ ಮುಗಿಯಿತು.

ಕಾನೂನು ಬಂದು ಎಷ್ಟು ಕಾಲ ಆಯಿತು ನೋಡಿ. ಹಿಂದೂ ಕುಟುಂಬದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕು ಅಂತ ಕರ್ನಾಟಕ ತಿದ್ದುಪಡಿ ತಂದಿದ್ದು 1994ರಲ್ಲಿ, ಕೇಂದ್ರಕ್ಕಿಂತ ಮೊದಲೇ. ಆದರೆ ಅದಕ್ಕೂ ಮುಂಚೆ ಮದುವೆಯಾದವರನ್ನು ಅದು ಹೊರಗಿಟ್ಟಿತ್ತು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದು ಆ ಭೇದ ಹೋಯಿತು. ಆಗ ಅಪ್ಪ ಬದುಕಿರಬೇಕಿತ್ತಾ ಅನ್ನುವ ಗೊಂದಲ ಉಳಿದಿತ್ತು, ಅದನ್ನೂ 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಬಗೆಹರಿಸಿತು: ಅಪ್ಪ ಇರಲಿ ಬಿಡಲಿ, ಮಗಳ ಹಕ್ಕು ಮಗಳದ್ದೇ. ಇದನ್ನೆಲ್ಲ ನಮ್ಮ ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ನಾನೇ ಓದಿ ಹೇಳಿದ್ದೇನೆ. ಎಲ್ಲರಿಗೂ ಗೊತ್ತಿದೆ. ಗೊತ್ತಿದ್ದೂ ಸೈನ್ ಹಾಕುತ್ತಾರೆ, ಯಾಕೆಂದರೆ ಅಲ್ಲಿ ಕೆಲಸ ಮಾಡುವುದು ಕಾನೂನಲ್ಲ, ತವರು ತಪ್ಪಿಹೋಗುತ್ತೆ ಅನ್ನೋ ಭಯ.

ಆ ಭಯವನ್ನು ಭಾಷಣ ಮುಟ್ಟುವುದಿಲ್ಲ. ಕಥೆ ಮುಟ್ಟುತ್ತೆ. ಇದು ನನ್ನ ಗಟ್ಟಿ ನಂಬಿಕೆ.

ಬೇಲೂರಿನ ಕಪ್ಪೆ ಚೆನ್ನಿಗರಾಯನ ಕಥೆ ನಮ್ಮಲ್ಲಿ ಗೊತ್ತಿಲ್ಲದವರು ಯಾರು? ಜಕಣಾಚಾರಿ ಕಡೆದ ಮೂರ್ತಿಯಲ್ಲಿ ದೋಷ ಇದೆ ಅಂತ ಒಬ್ಬ ಹುಡುಗ ಹೇಳುತ್ತಾನೆ. ಮೂರ್ತಿಗೆ ಗಂಧ ಬಳಿದು ನೋಡಿದರೆ ಹೊಕ್ಕುಳ ಹತ್ತಿರ ಗಂಧ ಒಣಗುವುದೇ ಇಲ್ಲ, ಅಲ್ಲಿ ಒಡೆದರೆ ಕಪ್ಪೆ ಹೊರಗೆ ಬರುತ್ತೆ. ಆ ಹುಡುಗ ಅವನ ಮಗನೇ. ಇದು ಇತಿಹಾಸ ಅಲ್ಲ, ಐತಿಹ್ಯ. ಆದರೆ ಯೋಚನೆ ಮಾಡಿ, ಮನೆಯಲ್ಲಿ ದೊಡ್ಡವರಿಗೆ ಎದುರು ಮಾತಾಡಬಾರದು ಅಂತ ಬೆಳೆಸುವ ನಮ್ಮ ಊರುಗಳಲ್ಲೇ, ದೊಡ್ಡವರು ತಪ್ಪು ಮಾಡಬಹುದು, ಚಿಕ್ಕವರು ಅದನ್ನು ಎಲ್ಲರೆದುರು ತೋರಿಸಬಹುದು ಅನ್ನುವ ಮಾತನ್ನು ಅಜ್ಜಿಯಂದಿರು ತಲೆಮಾರುಗಳಿಂದ ಮಕ್ಕಳಿಗೆ ಹೇಳಿಕೊಂಡು ಬಂದಿದ್ದಾರೆ. ಕಥೆ ಆಗಿದ್ದಕ್ಕೆ ಯಾರೂ ತಕರಾರು ಎತ್ತಲಿಲ್ಲ.

ಹಾಗಾಗಿ ಸಂಘದ ಸಭೆಯಲ್ಲಿ ಉಳಿತಾಯದ ದುಡ್ಡು ಎಣಿಸಿ ಲೆಕ್ಕದ ಪುಸ್ತಕ ಬರೆದಾದ ಮೇಲೆ ನಾನೊಂದು ಕಥೆ ಹೇಳತೊಡಗಿದೆ. ಗೌರಿ ಹಬ್ಬದ ಹಿಂದಿನ ದಿನ. ತವರಿಂದ ಅಣ್ಣ ಬಾಗಿನ ತಂದಿದ್ದಾನೆ. ಮೊರದಲ್ಲಿ ಅಕ್ಕಿ, ತೊಗರಿಬೇಳೆ, ಬೆಲ್ಲದ ಅಚ್ಚು, ಹಸಿರು ಬಳೆ, ಬಿಚ್ಚೋಲೆ, ಅರಿಶಿನ ಕುಂಕುಮ, ರವಿಕೆ ಕಣ. ಎಲ್ಲ ಎತ್ತಿಟ್ಟಾದ ಮೇಲೆ ಅವನು ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆಯುತ್ತಾನೆ. ಅದರೊಳಗೆ ಕಾಗದ. ಎರಡು ವರ್ಷದಿಂದ ಶುಂಠಿಗೆ ಕೊಳೆರೋಗ, ಕೈಸಾಲ ತಲೆ ಮೇಲೆ ಬಂದಿದೆ, ಜಮೀನು ತನ್ನೊಬ್ಬನ ಹೆಸರಿಗೆ ಬಂದರೆ ಬ್ಯಾಂಕಿನಲ್ಲಿ ದೊಡ್ಡ ಸಾಲ ಸಿಗುತ್ತೆ. ಹೇಳುವಾಗ ಅವನ ಕಣ್ಣಲ್ಲಿ ನೀರು ಬರುತ್ತೆ.

ಅಣ್ಣನನ್ನು ಕೆಟ್ಟವನನ್ನಾಗಿ ಮಾಡಬಾರದು ಅನ್ನುವುದು ಇಲ್ಲಿ ಮುಖ್ಯ. ಕೆಟ್ಟವನಾದರೆ ಕೇಳುವವರು ಬಚಾವಾಗಿಬಿಡುತ್ತಾರೆ, "ಸದ್ಯ, ನಮ್ಮಣ್ಣ ಹಂಗಲ್ಲ" ಅಂತ. ಅವನು ಒಳ್ಳೆಯವನು, ಕಷ್ಟದಲ್ಲಿದ್ದಾನೆ, ತಂಗಿ ಮೇಲೆ ಪ್ರೀತಿ ಇದೆ, ಆದರೂ ಆ ಕಾಗದ ತಂದಿದ್ದಾನೆ. ನಮ್ಮ ಮನೆಗಳಲ್ಲಿ ನಡೆಯುವುದು ಹಾಗೆಯೇ ಅಲ್ವಾ?

ಪೆನ್ನು ತಂಗಿ ಕೈಗೆ ಬಂದಲ್ಲಿಗೆ ಕಥೆ ನಿಲ್ಲಿಸಿದೆ. ಮುಂದೇನಾಯ್ತು ಅಂತ ಕೇಳಿದರು. ನೀವೇ ಹೇಳಿ ಅಂದೆ. ಒಬ್ಬರು "ಹಾಕ್ಲಿ ಬಿಡು, ನಾಳೆ ಮಗಳ ಬಾಣಂತನಕ್ಕೆ ಯಾರು ದಿಕ್ಕು?" ಅಂದರು. ಇನ್ನೊಬ್ಬರು "ಮಗಳ ಬಾಣಂತನಕ್ಕೂ ದುಡ್ಡು ಬೇಕಲ್ಲಕ್ಕಾ" ಅಂದರು. ಸಭೆಯಲ್ಲಿ ಯಾವತ್ತೂ ಬಾಯಿ ಬಿಡದ ಹಿರಿಯರೊಬ್ಬರು ಕೇಳಿದ್ದು ಬೇರೆಯೇ: "ಆ ಕಾಗದದಲ್ಲಿ ಏನು ಬರ್ದೈತೆ ಅಂತ ಅವಳಿಗೆ ಯಾರಾದ್ರೂ ಓದಿ ಹೇಳಿದ್ರಾ?" ನಾನು ಕಥೆ ಕಟ್ಟುವಾಗ ಆ ಪ್ರಶ್ನೆ ಇರಲೇ ಇಲ್ಲ. ಈಗ ಎಲ್ಲಿ ಹೇಳಿದರೂ ಅದು ಇರುತ್ತೆ.

ಅವತ್ತು ಚರ್ಚೆ ತಿರುಗಿದ್ದು ಮಾತ್ರ ಇನ್ನೊಬ್ಬರ ಮಾತಿನಿಂದ. "ನಮ್ಮ ನಾದಿನಿ ಹತ್ರ ನಾವೂ ಹಿಂಗೇ ಸೈನ್ ಹಾಕಿಸ್ಕೊಂಡ್ವಿ" ಅಂದರು. ಅಲ್ಲಿದ್ದ ಮುಕ್ಕಾಲು ಜನ ತವರಲ್ಲಿ ತಂಗಿ, ಗಂಡನ ಮನೆಯಲ್ಲಿ ಅತ್ತಿಗೆ. ಒಂದು ಕಡೆ ಪಾಲು ಬಿಟ್ಟವರು, ಇನ್ನೊಂದು ಕಡೆ ಬಿಡಿಸಿಕೊಂಡವರು. ಇದನ್ನು ನಾನು ಬೆರಳು ತೋರಿಸಿ ಹೇಳಿದ್ದರೆ ಮುಂದಿನ ವಾರ ಸಂಘಕ್ಕೆ ಅರ್ಧ ಜನ ಬರುತ್ತಿರಲಿಲ್ಲ. ಅವರ ಬಾಯಿಂದಲೇ ಬಂದಿದ್ದಕ್ಕೆ ಕೂತು ಮಾತಾಡಿದರು, ಕತ್ತಲಾಗುವವರೆಗೂ.

ಹಾಸನದವರಾದ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಮಗೆಲ್ಲ ಎಷ್ಟು ಖುಷಿ! ಕನ್ನಡಕ್ಕೆ ಮೊದಲ ಸಲ, ಅದೂ ಸಣ್ಣಕಥೆಗಳಿಗೆ. ನನಗೆ ಮತ್ತೆ ಮತ್ತೆ ನೆನಪಾಗುವುದು ಅವರು ವಕೀಲೆ ಅನ್ನೋದು. ಕಾನೂನು ಬಲ್ಲವರು, ಬಂಡಾಯ ಚಳವಳಿಯಲ್ಲಿ ಇದ್ದವರು, ಆದರೂ ಮನೆಯೊಳಗಿನ ಹೆಂಗಸರ ಕಷ್ಟವನ್ನು ದಶಕಗಳ ಕಾಲ ಕಥೆಯಾಗಿ ಬರೆಯುತ್ತಲೇ ಬಂದರು. ಕೋರ್ಟಿನ ಬಾಗಿಲವರೆಗೆ ಬರಲಾಗದವರ ಪಾಡು ಕಥೆಯಲ್ಲಾದರೂ ಬರಬೇಕು.

ಹೋರಾಟದಲ್ಲಿರುವ ಗೆಳತಿಯರು ಕೇಳುತ್ತಾರೆ, ಸುಮ್ನೆ ಕಥೆ ಹೇಳಿಕೊಂಡು ಕೂತರೆ ಏನಾಗುತ್ತೆ ಅಂತ. ಧರಣಿ ಬೇಕು, ಅರ್ಜಿ ಬೇಕು, ಕೇಸೂ ಬೇಕು. ಆದರೆ ಕೇಸ್ ಹಾಕುವುದಕ್ಕೂ ಮುಂಚೆ, ತನಗೆ ಹಕ್ಕು ಕೇಳುವ ಮನಸ್ಸಿದೆ ಅಂತ ಒಬ್ಬಳು ತನಗೆ ತಾನೇ ಒಪ್ಪಿಕೊಳ್ಳಬೇಕಲ್ಲ, ಅಲ್ಲಿಗೆ ಕಥೆ ಬಿಟ್ಟು ಬೇರೆ ದಾರಿ ನನಗೆ ಕಂಡಿಲ್ಲ. ಒಂದು ಎಚ್ಚರ ಮಾತ್ರ ಇರಲೇಬೇಕು: ಊರಿನ ಯಾರ ಮನೆ ಕಥೆಯನ್ನೂ ಗುರುತು ಸಿಗುವ ಹಾಗೆ ಹೇಳಬಾರದು. ಬೆಳೆ ಬದಲಿಸಿ, ಊರು ಬದಲಿಸಿ, ಇಬ್ಬರು ಮೂವರ ಅನುಭವ ಬೆರೆಸಿ. ಒಬ್ಬರ ಸಂಕಟ ನಮ್ಮ ಕಥೆಗೆ ಸಾಮಗ್ರಿ ಆಗಬಾರದು.

ಕಥೆ ಮುಗಿದ ಮೇಲೆ ಯಾರಾದರೂ ಪಕ್ಕಕ್ಕೆ ಕರೆದು ಕೇಳಿದರೆ ಹೇಳಲು ಒಂದು ವಿಷಯ ಗೊತ್ತಿರಲಿ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ನೆರವು ಉಚಿತ. ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಬಹುದು, 15100ಕ್ಕೆ ಫೋನ್ ಮಾಡಬಹುದು. ಸೈನ್ ಹಾಕುವುದಕ್ಕೆ ಮುಂಚೆ ಹೋಗಲಿ, ಯಾಕೆಂದರೆ ರಿಜಿಸ್ಟರ್ ಆದ ಖುಲಾಸೆ ಪತ್ರ ರದ್ದು ಮಾಡಿಸುವುದು ಬಹಳ ಕಷ್ಟ.