ಟ್ರೂವಿಲ್ ಕಡಲತೀರದ ನಕಲು: ಮೂರನೇ ವಾರ

ಫ್ರೆಂಚ್ ಚಿತ್ರಕಾರ ಕ್ಲೋಡ್ ಮೋನೆ 1870ರ ಬೇಸಿಗೆಯಲ್ಲಿ ಬರೆದ ‘ಟ್ರೂವಿಲ್ ಕಡಲತೀರ’ವನ್ನು ಮೂಲದ ಅಳತೆಯಲ್ಲೇ ತೈಲವರ್ಣದಲ್ಲಿ ನಕಲು ಮಾಡುತ್ತಿದ್ದೇನೆ. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿರುವ ಈ ಚಿತ್ರದ ಎತ್ತರ 38 ಸೆಂ.ಮೀ., ಅಗಲ ಸುಮಾರು 46 ಸೆಂ.ಮೀ. ಅಷ್ಟೆ.

ಮೊದಲ ವಾರ ಹಿನ್ನೆಲೆಗೇ ಹೋಯಿತು. ಮೋನೆ ತಿಳಿಬೂದು ಬಣ್ಣ ಬಳಿದ ಕ್ಯಾನ್ವಾಸ್ ಮೇಲೆ ಬರೆದು, ಆ ಬೂದನ್ನು ಅಲ್ಲಲ್ಲಿ ಹಾಗೆಯೇ ಬಿಟ್ಟಿದ್ದಾನೆ. ನಾನು ಬಿಳಿ ಕ್ಯಾನ್ವಾಸಿನಿಂದ ಶುರು ಮಾಡಿದ್ದೆ. ಎಷ್ಟು ಹಚ್ಚಿದರೂ ಕಡಲತೀರದ ಆ ಮಬ್ಬು ಬೆಳಕು ಬರಲಿಲ್ಲ. ಎಲ್ಲವನ್ನೂ ಕೆರೆದು ತೆಗೆದು, ಬೂದು ಬಳಿದು, ಒಣಗುವವರೆಗೆ ಕಾದೆ.

ಆಮೇಲೆ ಕುರ್ಚಿ. ಎಡಕ್ಕೆ ಬಿಳಿ ಉಡುಪಿನ ಕಮೀಲ್. ಆ ಜೂನ್ 28ರಂದಷ್ಟೇ ಮೋನೆಯನ್ನು ಮದುವೆಯಾಗಿದ್ದವಳು. ಬಲಕ್ಕೆ ಕಪ್ಪು ಉಡುಪಿನ ಹೆಂಗಸು, ಚಿತ್ರಕಾರ ಬೂದೆನ್‌ನ ಹೆಂಡತಿ ಇರಬಹುದು ಎನ್ನುತ್ತಾರೆ. ಇಬ್ಬರ ನಡುವೆ ಖಾಲಿ ಕುರ್ಚಿ. ಅದಕ್ಕೆ ತೂಗುಹಾಕಿದಂತೆ ಕಾಣುವ ಸಣ್ಣ ಗುರುತು ಮಗುವಿನ ಬೂಟಿರಬಹುದಂತೆ. ಮೋನೆ ಮತ್ತು ಕಮೀಲ್‌ರ ಮಗ ಜಾನ್‌ಗೆ ಆಗ ಮೂರು ವರ್ಷ ತುಂಬುತ್ತಿತ್ತು. ಮಗು ಬರಿಗಾಲಲ್ಲಿ ಮರಳಿನ ಮೇಲೆಲ್ಲೋ ಓಡಾಡುತ್ತಿದೆ ಎಂದು ಭಾವಿಸಿಕೊಂಡೇ ನಾನು ಆ ಗುರುತನ್ನು ಇಡುತ್ತೇನೆ.

ಕುರ್ಚಿಯನ್ನು ನಾಲ್ಕು ಸಲ ಬರೆದೆ. ಪ್ರತಿ ಗೆರೆಯನ್ನೂ ಚಿತ್ರ ನೋಡಿ ನೋಡಿ ಎಳೆದಾಗ ಅದು ಬಡಗಿಯ ನಕ್ಷೆಯಾಯಿತು. ಐದನೇ ಸಲ ಮಾದರಿಯನ್ನು ಮಗುಚಿಟ್ಟೆ. ಕುಂಚಕ್ಕೆ ತುಂಬ ಬಣ್ಣ ತೆಗೆದುಕೊಂಡು ಒಂದೇ ಉಸಿರಿಗೆ ಎಳೆದೆ. ಬೆನ್ನೊರಗು ಸ್ವಲ್ಪ ವಾಲಿದೆ, ಆದರೆ ಜೀವ ಬಂದಿದೆ. ಇನ್ನು ಮುಟ್ಟುವುದಿಲ್ಲ.

ಮೂಲ ಚಿತ್ರದ ಬಣ್ಣದಲ್ಲಿ ಮರಳಿನ ಕಣಗಳೂ ಚಿಪ್ಪಿನ ಚೂರುಗಳೂ ಅಂಟಿಕೊಂಡಿವೆ. ಕಡಲ ದಂಡೆಯಲ್ಲೇ ಕುಳಿತು ಬರೆದದ್ದಕ್ಕೆ ಅವೇ ಸಾಕ್ಷಿ. ‘ನೀನೂ ಒಂದು ಚಿಟಿಕೆ ಮರಳು ಉದುರಿಸು’ ಎಂದು ತಂಗಿ ಹೇಳಿದಳು. ಬೇಡವೆಂದೆ. ಮೋನೆಯ ಬಣ್ಣಕ್ಕೆ ಆ ಮರಳನ್ನು ತಂದದ್ದು ಅಲ್ಲಿನ ಗಾಳಿ. ನನ್ನ ಕೋಣೆಯಲ್ಲಿ ಆ ಗಾಳಿ ಇಲ್ಲ.

ಉಳಿದಿರುವುದು ಕಮೀಲ್‌ಳ ಉಡುಪು ಮತ್ತು ನೆರಳು ಬಿದ್ದ ಮುಖ. ಹಸಿ ಬಣ್ಣದ ಮೇಲೆಯೇ ಹಸಿ ಬಣ್ಣ ಕೂರಬೇಕು, ಹಾಗಾಗಿ ಎರಡನ್ನೂ ಒಂದೇ ಕೂರಿಕೆಯಲ್ಲಿ ಮುಗಿಸಬೇಕು. ಭಾನುವಾರ ಬೆಳಿಗ್ಗೆ ಏಳಕ್ಕೆ, ಕಿಟಕಿಯ ಬೆಳಕು ಸಮವಾಗಿರುವಾಗ ಕೂರುತ್ತೇನೆ. ಬಿಳಿ ಬಣ್ಣದ ಹೊಸ ಟ್ಯೂಬ್ ತಂದಿಟ್ಟಿದ್ದೇನೆ.