ಒಂಬತ್ತು ಮಿಲಿಮೀಟರಿನ ಬೆನ್ನು ಹತ್ತಿದ ಒಂದು ದಿನ

ಬೆಳಗ್ಗೆ ಬಂದ ಪ್ರಶ್ನೆ ಚಿಕ್ಕದು. "ಮೊಬೈಲ್ ಆ್ಯಪ್‌ನಲ್ಲಿ ಬಟನ್ ಎಷ್ಟು ದೊಡ್ಡದಿರಬೇಕು? ಸಂಶೋಧನೆ ಏನು ಹೇಳುತ್ತದೆ? ಸಂಜೆಯೊಳಗೆ ತಿಳಿಸಿ." ಕೇಳಿದ್ದು ಒಂದು ಪ್ರಾಡಕ್ಟ್ ತಂಡ. ಇಂಥ ಪ್ರಶ್ನೆಗೆ ಒಂದು ಸಂಖ್ಯೆ ಕಳಿಸಿ ಕೈತೊಳೆದುಕೊಳ್ಳಬಹುದು, ಸಂಖ್ಯೆಯೂ ಇದೆ. ಆದರೆ ಮಾನವ–ಕಂಪ್ಯೂಟರ್ ಸಂವಹನದ ಸಂಶೋಧನೆಯನ್ನು ಉದ್ಯಮದವರ ಕೈಗೆ ದಾಟಿಸುವ ಕೆಲಸ ಹೆಚ್ಚಾಗಿ ಕೆಡುವುದು ಇಲ್ಲೇ. ಸಂಖ್ಯೆ ಮುಂದೆ ಹೋಗುತ್ತದೆ, ಅದು ಯಾವ ಷರತ್ತಿನಲ್ಲಿ ನಿಜವೋ ಆ ಷರತ್ತು ಹಿಂದೆ ಉಳಿದುಬಿಡುತ್ತದೆ.

ಹಾಗಾಗಿ ಮೊದಲ ಅರ್ಧ ಗಂಟೆ ಪೇಪರ್ ಹುಡುಕಲಿಲ್ಲ, ಪ್ರಶ್ನೆಯನ್ನೇ ಬಿಡಿಸಿ ನೋಡಿದ್ದಾಯಿತು. ಯಾವ ಬಟನ್? ಯಾವ ಸ್ಕ್ರೀನ್? ಏನು ತೊಂದರೆಯಾಗಿ ಈ ಪ್ರಶ್ನೆ ಹುಟ್ಟಿತು? ಯಾವುದನ್ನು ಬದಲಾಯಿಸುವ ಅಧಿಕಾರ ತಂಡಕ್ಕಿದೆ, ಯಾವುದನ್ನು ಮುಟ್ಟುವಂತಿಲ್ಲ? ಉತ್ತರಗಳು ಬಂದ ಮೇಲೆ ಚಿತ್ರ ಬೇರೆಯೇ ಆಯಿತು. ಅದೊಂದು ಪಟ್ಟಿ. ಪ್ರತಿ ಸಾಲಿನ ಬಲತುದಿಯಲ್ಲಿ ಎಡಿಟ್ ಮತ್ತು ಡಿಲೀಟ್ ಐಕಾನುಗಳು ಪಕ್ಕಪಕ್ಕ ಕೂತಿವೆ. ಎಡಿಟ್ ಒತ್ತಲು ಹೋಗಿ ಡಿಲೀಟ್ ಒತ್ತಿಬಿಟ್ಟೆವು ಎಂದು ಬಳಕೆದಾರರು ದೂರುತ್ತಿದ್ದಾರೆ. ಡಿಲೀಟ್ ಆದದ್ದು ವಾಪಸ್ ಬರುವುದಿಲ್ಲ. ಸಾಲಿನ ಎತ್ತರ 56 ಡಿಪಿ (ಆಂಡ್ರಾಯ್ಡ್ ಪರದೆಯ ಅಳತೆಗೆ ಬಳಸುವ ಏಕಮಾನ), ಈ ಬಿಡುಗಡೆಯಲ್ಲಿ ಅದನ್ನು ಬದಲಿಸುವಂತಿಲ್ಲ. "ಬಟನ್ ಎಷ್ಟು ದೊಡ್ಡದಿರಬೇಕು" ಎಂಬ ಪ್ರಶ್ನೆಯ ಹಿಂದೆ ನಿಜವಾಗಿ ಇದ್ದದ್ದು "ತಪ್ಪಿ ಅಳಿಸುವುದನ್ನು ತಡೆಯುವುದು ಹೇಗೆ" ಎಂಬ ಪ್ರಶ್ನೆ. ಇದು ಗೊತ್ತಾಗದೆ ಪೇಪರ್ ಓದಲು ಕೂತಿದ್ದರೆ ಓದಿದ್ದೆಲ್ಲ ಸರಿಯಿದ್ದೂ ಉತ್ತರ ತಪ್ಪುತ್ತಿತ್ತು.

ಈ ವಿಷಯಕ್ಕೆ ಹತ್ತಿರದ ಅಧ್ಯಯನ ಪಾರ್ಹಿ, ಕಾರ್ಲ್ಸನ್ ಮತ್ತು ಬೆಡರ್ಸನ್ 2006ರಲ್ಲಿ ಪ್ರಕಟಿಸಿದ್ದು. ಸಾಧನವನ್ನು ಒಂದೇ ಕೈಯಲ್ಲಿ ಹಿಡಿದು ಅದೇ ಕೈಯ ಹೆಬ್ಬೆರಳಿನಿಂದ ಒತ್ತುವಾಗ ಗುರಿ ಎಷ್ಟು ದೊಡ್ಡದಿದ್ದರೆ ಸಾಕು ಎಂದು ಅವರು ಅಳೆದರು. ಅದು ಎರಡು ಹಂತದ ಪ್ರಯೋಗ. ಒಂದರಲ್ಲಿ ಒಂದೇ ಒತ್ತು, ಅಂದರೆ ಬಟನ್, ಚೆಕ್‌ಬಾಕ್ಸ್‌ನಂಥವು. ಇನ್ನೊಂದರಲ್ಲಿ ಸಾಲಾಗಿ ಹಲವು ಒತ್ತು, ಅಂದರೆ ಟೈಪಿಂಗ್‌ನಂಥವು. ಅವರ ಸಲಹೆ ಒಂದೇ ಒತ್ತಿಗೆ 9.2 ಮಿ.ಮೀ., ಸಾಲು ಒತ್ತುಗಳಿಗೆ 9.6 ಮಿ.ಮೀ.

ಇಂಥ ಪೇಪರನ್ನು ಮೊದಲಿನಿಂದ ಕೊನೆಯವರೆಗೆ ಓದಬೇಕಿಲ್ಲ. ಸಾರಾಂಶ ಆದ ಮೇಲೆ ನೇರ ವಿಧಾನದ ಭಾಗಕ್ಕೆ ಹೋಗಿ, ಅಲ್ಲಿಂದ ಕೋಷ್ಟಕಗಳಿಗೆ. ಪೀಠಿಕೆ ಮತ್ತು ಚರ್ಚೆ ಕೊನೆಗೆ. ವಿಧಾನ ಓದುವಾಗ ಒಂದು ಹಾಳೆಯಲ್ಲಿ ಐದು ಸಂಗತಿ ಬರೆದುಕೊಂಡರೆ ಸಾಕು: ಯಾರು, ಯಾವ ಸಾಧನ, ಯಾವ ಕೆಲಸ, ಯಾವ ಭಂಗಿ, ತಪ್ಪಿದರೆ ಏನಾಗುತ್ತಿತ್ತು. ಈ ಐದನೆಯದನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ, ನಮ್ಮ ಪ್ರಶ್ನೆಗೆ ಅದೇ ಮುಖ್ಯವಾಗಿತ್ತು. ಪ್ರಯೋಗದಲ್ಲಿ ಗುರಿ ತಪ್ಪಿದರೆ ಅದೊಂದು ತಪ್ಪೊತ್ತು ಅಷ್ಟೆ. ಆ್ಯಪ್‌ನಲ್ಲಿ ತಪ್ಪಿದರೆ ದಾಖಲೆಯೇ ಹೋಗುತ್ತದೆ. ಇನ್ನು ಸಾಧನದ ವಿಷಯಕ್ಕೆ ಬಂದರೆ, ಅದು ಇಂದಿನ ಸ್ಮಾರ್ಟ್‌ಫೋನ್‌ಗಳಿಗಿಂತ ಮುಂಚಿನ ಕೈಸಾಧನ. ಇಪ್ಪತ್ತು ಮಂದಿ ಭಾಗವಹಿಸಿದ್ದರು.

ಅದೇ ಸಾರಾಂಶದಲ್ಲಿ ಇನ್ನೂ ಎರಡು ಸಂಖ್ಯೆಗಳಿವೆ. ಒಂದೇ ಒತ್ತಿನಲ್ಲಿ 9.6 ಮತ್ತು ಅದಕ್ಕಿಂತ ದೊಡ್ಡ ಗುರಿಗಳ ನಡುವೆ, ಸಾಲು ಒತ್ತಿನಲ್ಲಿ 7.7 ಮತ್ತು ಅದಕ್ಕಿಂತ ದೊಡ್ಡವುಗಳ ನಡುವೆ ತಪ್ಪಿನ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ ಎಂದಿದೆ. ಅವಸರದಲ್ಲಿ ಓದಿದವರು 7.7 ಅನ್ನು ಎತ್ತಿಕೊಂಡು "ಇಷ್ಟಾದರೆ ತಪ್ಪೇ ಆಗುವುದಿಲ್ಲ" ಎಂದು ಸ್ಲೈಡಿಗೆ ಹಾಕುತ್ತಾರೆ. ಎರಡು ಕಡೆ ಎಡವಿದಂತಾಯಿತು. ವ್ಯತ್ಯಾಸ ಕಾಣಲಿಲ್ಲ ಎಂದರೆ ತಪ್ಪು ಸೊನ್ನೆಯಾಯಿತು ಎಂದಲ್ಲ. ಮತ್ತೆ, ವೇಗ, ಜನರ ಅಭಿಪ್ರಾಯ, ಒತ್ತು ಬಿದ್ದ ಜಾಗ ಎಷ್ಟು ಚದುರಿತ್ತು ಎಂಬುದು, ಇವೆಲ್ಲ ಸೇರಿದ ಮೇಲೆ ಬಂದ ಸಲಹೆ 9.2 ಮತ್ತು 9.6. ತಪ್ಪಿನ ಪ್ರಮಾಣ ಅವುಗಳಲ್ಲಿ ಒಂದು ಅಳತೆ ಮಾತ್ರ.

ಮುಂದಿನ ತೊಡಕು ಅಳತೆಯ ಏಕಮಾನದ್ದು. ಸಂಶೋಧಕರು ಮಿಲಿಮೀಟರಿನಲ್ಲಿ ಮಾತಾಡುತ್ತಾರೆ, ಆಂಡ್ರಾಯ್ಡ್ ಡೆವಲಪರ್‌ಗಳು ಡಿಪಿಯಲ್ಲಿ. ಒಂದು ಇಂಚಿಗೆ 160 ಡಿಪಿ, ಒಂದು ಇಂಚೆಂದರೆ 25.4 ಮಿ.ಮೀ. ಹಾಗಾಗಿ 9.2 ಮಿ.ಮೀ. ಸುಮಾರು 58 ಡಿಪಿ. ಆಂಡ್ರಾಯ್ಡ್ ಮಾರ್ಗಸೂಚಿ ಹೇಳುವ, ಎಲ್ಲರ ಬಾಯಲ್ಲಿರುವ 48 ಡಿಪಿ ಈ ಲೆಕ್ಕದಲ್ಲಿ 7.6 ಮಿ.ಮೀ. ಆಗುತ್ತದೆ. ಆದರೆ ಈ ಲೆಕ್ಕ ಕಾಗದದ್ದು. ಫೋನು ತನ್ನ ಪರದೆಯ ನಿಜವಾದ ಸಾಂದ್ರತೆಯನ್ನೇ ಬಳಸಬೇಕೆಂದಿಲ್ಲ, ಅದರ ಹತ್ತಿರದ ಒಂದು ಅಂಕಿಯನ್ನು ಇಟ್ಟುಕೊಳ್ಳಬಹುದು. ಪರದೆಯಲ್ಲಿ ಇಂಚಿಗೆ 400 ಪಿಕ್ಸೆಲ್ ಇದ್ದು ಫೋನು 480 ಎಂದು ಲೆಕ್ಕ ಹಿಡಿದರೆ, 48 ಡಿಪಿ 144 ಪಿಕ್ಸೆಲ್ ಆಗಿ 9.1 ಮಿ.ಮೀ. ಬರುತ್ತದೆ. ಬಳಕೆದಾರರು ಸೆಟ್ಟಿಂಗ್ಸ್‌ನಲ್ಲಿ ಡಿಸ್‌ಪ್ಲೇ ಸೈಜ್ ಬದಲಿಸಿದರೆ ಅದೂ ಏರುಪೇರು. ಹೀಗಾಗಿ ಒಂದೇ 48 ಒಂದು ಕೈಯಲ್ಲಿ ಚಿಕ್ಕದು, ಇನ್ನೊಂದು ಕೈಯಲ್ಲಿ ಸಾಕಷ್ಟು.

ಇದಕ್ಕೆ ಪರಿಹಾರ ಸ್ಕೇಲು. ಮಿಲಿಮೀಟರ್ ಗುರುತಿರುವ ಪ್ಲಾಸ್ಟಿಕ್ ಸ್ಕೇಲನ್ನು ಫೋನಿನ ಗಾಜಿನ ಮೇಲೆ ಆನಿಸಿ, ನೇರ ಮೇಲಿನಿಂದ ನೋಡಿ ಅಳೆಯಬೇಕು. ಓರೆಯಾಗಿ ನೋಡಿದರೆ ಗಾಜಿನ ದಪ್ಪದಿಂದ ಅರ್ಧ ಮಿಲಿಮೀಟರ್ ಆಚೀಚೆ ಆಗುತ್ತದೆ. ತಂಡದ ಬಳಿಯಿದ್ದ ಮೂರು ಫೋನುಗಳಲ್ಲಿ ಅಳೆಯುತ್ತಿರುವಾಗ ಐಕಾನಿನ ಅಂಚಿನ ಆಚೆ ಒತ್ತಿದರೆ ಏನೂ ಆಗುತ್ತಿಲ್ಲ ಎಂಬುದು ಕಣ್ಣಿಗೆ ಬಿತ್ತು. ಡೆವಲಪರ್ ಆಯ್ಕೆಗಳಲ್ಲಿ ಲೇಔಟಿನ ಗಡಿಗಳನ್ನು ತೋರಿಸುವ ಸ್ವಿಚ್ ಇದೆ, ಅದನ್ನು ಹಾಕಿದಾಗ ವಿಷಯ ಸ್ಪಷ್ಟವಾಯಿತು. ಡಿಸೈನ್ ಫೈಲಿನಲ್ಲಿ ಐಕಾನಿನ ಸುತ್ತ 48ರ ಚೌಕಟ್ಟು ಬರೆದಿದ್ದರು. ಕೋಡಿಗೆ ಬಂದದ್ದು ಒಳಗಿನ ಚಿತ್ರ ಮಾತ್ರ, 24 ಡಿಪಿ. ಸುತ್ತಲಿನ ಪ್ಯಾಡಿಂಗ್, ಅಂದರೆ ಒತ್ತಲು ಸಿಗುವ ಖಾಲಿ ಜಾಗ, ದಾರಿಯಲ್ಲೆಲ್ಲೋ ಬಿಟ್ಟುಹೋಗಿತ್ತು. 24 ಡಿಪಿ ಎಂದರೆ 3.8 ಮಿ.ಮೀ. ಹೆಬ್ಬೆರಳಿಗೆ 3.8 ಮಿ.ಮೀ. ಗುರಿ, ಅದರ ಪಕ್ಕದಲ್ಲೇ ಎಲ್ಲವನ್ನೂ ಅಳಿಸುವ ಇನ್ನೊಂದು 3.8! ಬಳಕೆದಾರರ ದೂರಿನಲ್ಲಿ ಒಂದಕ್ಷರವೂ ಉತ್ಪ್ರೇಕ್ಷೆ ಇರಲಿಲ್ಲ.

ಯಾವ ಪೇಪರಿನಲ್ಲೂ ಈ ಮಾತು ಸಿಗುವುದಿಲ್ಲ. ಸಂಶೋಧನೆಯನ್ನು ದಾಟಿಸುವವರು ಪೇಪರಿನ ಮುಂದೆ ಎಷ್ಟು ಹೊತ್ತು ಕೂರುತ್ತಾರೋ ಅಷ್ಟೇ ಹೊತ್ತು ನಿಜವಾದ ಉತ್ಪನ್ನದ ಮುಂದೆಯೂ ಕೂರಬೇಕು. ವಿನ್ಯಾಸದ ಬಗ್ಗೆ ಬರೆಯುವ ಡಾನ್ ನಾರ್ಮನ್ 2010ರಲ್ಲಿ ಸಂಶೋಧಕರು ಮತ್ತು ವೃತ್ತಿನಿರತರ ನಡುವೆ ಮೂರನೆಯ ಬಗೆಯ ಜನ ಬೇಕು ಎಂದು ಬರೆದಿದ್ದರು, ಎರಡೂ ಭಾಷೆ ಬಲ್ಲವರು. ಎರಡನೆಯ ಭಾಷೆ ಕಲಿಯುವುದು ಹೀಗೆ ಸ್ಕೇಲು ಹಿಡಿದೇ.

ಮಧ್ಯಾಹ್ನ ಒಬ್ಬರು ಸಹಜವಾಗಿ ಕೇಳಿದರು, "ಡಬ್ಲ್ಯುಸಿಎಜಿ 24 ಸಾಕು ಎನ್ನುತ್ತದಲ್ಲ?" ಡಬ್ಲ್ಯುಸಿಎಜಿ ಎಂದರೆ ಅಂಗವಿಕಲರಿಗೂ ವೆಬ್ ಬಳಸಲು ಬರುವಂತಿರಬೇಕೆಂಬ ಮಾರ್ಗಸೂಚಿ. ಅದರ 2023ರ ಅಕ್ಟೋಬರ್‌ನಲ್ಲಿ ಬಂದ 2.2 ಆವೃತ್ತಿಯಲ್ಲಿ ಎಎ ಮಟ್ಟಕ್ಕೆ ಕನಿಷ್ಠ 24 ಸಿಎಸ್‌ಎಸ್ ಪಿಕ್ಸೆಲ್ (ವೆಬ್ ಪುಟಗಳ ಅಳತೆಯ ಏಕಮಾನ) ಎಂದಿರುವುದು ನಿಜ, ಅದಕ್ಕೂ ವಿನಾಯಿತಿಗಳಿವೆ. ಅದಕ್ಕಿಂತ ಕಟ್ಟುನಿಟ್ಟಾದ ಎಎಎ ಮಟ್ಟಕ್ಕೆ 44. ಆದರೆ ಅದು ಇದಕ್ಕಿಂತ ಕೆಳಗೆ ಇಳಿಯಬೇಡಿ ಎನ್ನುವ ಮಾನದಂಡ. ಪಾರ್ಹಿ ಮತ್ತಿತರರು ಅಳೆದದ್ದು ಕೆಲಸ ಕೆಡದಿರಲು ಎಷ್ಟು ಬೇಕು ಎಂಬುದನ್ನು. ಎರಡನ್ನೂ ಒಂದೇ ಕೋಷ್ಟಕದಲ್ಲಿ ಹಾಕಿದರೆ ಓದುವವರು ಚಿಕ್ಕ ಸಂಖ್ಯೆಯನ್ನೇ ಆರಿಸುತ್ತಾರೆ, ಆದ್ದರಿಂದ ಹಾಕಬಾರದು.

ಹಾಗಾದರೆ ಗುರಿಯನ್ನು ದೊಡ್ಡದು ಮಾಡುತ್ತಲೇ ಹೋದರೆ? ಮನೋವಿಜ್ಞಾನಿ ಪಾಲ್ ಫಿಟ್ಸ್ 1954ರಲ್ಲಿ ಕೊಟ್ಟ ನಿಯಮ ಇಲ್ಲಿ ನೆರವಿಗೆ ಬರುತ್ತದೆ. ಗುರಿ ತಲುಪುವ ಕಷ್ಟ ದೂರ ಮತ್ತು ಅಗಲದ ಅನುಪಾತದ ಲಾಗರಿದಮ್ಮಿನಂತೆ ಏರುತ್ತದೆ. ಸಂಶೋಧಕ ಮೆಕೆಂಜಿ ಅದನ್ನು ತಿದ್ದಿದ ರೂಪದಲ್ಲಿ ದೂರವನ್ನು ಅಗಲದಿಂದ ಭಾಗಿಸಿ, ಒಂದು ಕೂಡಿಸಿ, 2ರ ಆಧಾರದ ಲಾಗ್ ತೆಗೆಯಬೇಕು. ಹೆಬ್ಬೆರಳು 60 ಮಿ.ಮೀ. ಸಾಗಬೇಕೆಂದುಕೊಳ್ಳೋಣ. ಗುರಿ 5 ಮಿ.ಮೀ. ಇದ್ದರೆ ಕಷ್ಟದ ಅಂಕ 3.70, 10 ಇದ್ದರೆ 2.81, 15 ಇದ್ದರೆ 2.32. ಮೊದಲ 5 ಮಿ.ಮೀ. ಹೆಚ್ಚಳಕ್ಕೆ 0.89ರಷ್ಟು ಲಾಭ, ಎರಡನೆಯದಕ್ಕೆ 0.49 ಮಾತ್ರ. ಚಿಕ್ಕದನ್ನು ಮಧ್ಯಮ ಮಾಡಿದರೆ ಲಾಭ ದೊಡ್ಡದು, ಮಧ್ಯಮವನ್ನು ದೊಡ್ಡದು ಮಾಡಿದರೆ ಅಷ್ಟಿಲ್ಲ. ಮತ್ತೆ ಈ ನಿಯಮಕ್ಕೆ ಪಕ್ಕದಲ್ಲಿ ಏನಿದೆ, ತಪ್ಪಿದರೆ ಎಷ್ಟು ನಷ್ಟ ಎಂಬುದರ ಅರಿವೇ ಇಲ್ಲ. ಗಾತ್ರ ಸರಿಪಡಿಸಬೇಕು, ಆದರೆ ಗಾತ್ರದಿಂದಷ್ಟೇ ಡಿಲೀಟ್ ಸಮಸ್ಯೆ ಬಗೆಹರಿಯುವುದಿಲ್ಲ ಎಂಬುದು ಇಲ್ಲಿ ಖಚಿತವಾಯಿತು.

ಆಮೇಲೆ ಬರವಣಿಗೆ. ಒಂದೇ ಪುಟ, ಅದಕ್ಕಿಂತ ಹೆಚ್ಚಾದರೆ ಓದುವವರಿಲ್ಲ. ಮೊದಲ ಸಾಲಿನಲ್ಲಿ ಏನು ಮಾಡಬೇಕೆಂಬುದು ಇರಬೇಕು, ಪೇಪರಿನ ಹೆಸರಲ್ಲ. ಮೊದಲ ಕರಡಿನಲ್ಲಿ ಹೀಗೆ ಬರೆದಿತ್ತು: "ಬಟನ್ ಕನಿಷ್ಠ 9.2 ಮಿ.ಮೀ. ಇರಬೇಕೆಂದು ಸಂಶೋಧನೆ ಸಾಬೀತುಪಡಿಸಿದೆ." ಇದರಲ್ಲಿ "ಕನಿಷ್ಠ" ತಪ್ಪು, "ಸಾಬೀತು" ತಪ್ಪು, "ಬಟನ್" ಎಂಬುದೂ ವಿಪರೀತ ಅಗಲದ ಮಾತು. ತಿದ್ದಿದ ಮೇಲೆ ಹೀಗಾಯಿತು: "ಒಂದೇ ಕೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಒಮ್ಮೆ ಒತ್ತುವ ಐಕಾನುಗಳಿಗೆ ಸ್ಪರ್ಶದ ಜಾಗ ಸುಮಾರು 9 ಮಿ.ಮೀ. ಇಡಿ. ಈಗ ಇರುವುದು 3.8. ಡಿಲೀಟನ್ನು ಸಾಲಿನಿಂದ ತೆಗೆದು ಒಳಗಿನ ಪುಟಕ್ಕೆ ಸರಿಸಿ, ಅಳಿಸಿದ್ದನ್ನು ವಾಪಸ್ ತರುವ ಅನ್‌ಡೂ ಕೊಡಿ." ಸಾಲಿನ 56 ಡಿಪಿ ಎತ್ತರವನ್ನು ಪೂರ್ತಿ ಎಡಿಟ್‌ಗೇ ಬಿಟ್ಟರೆ 8.9 ಮಿ.ಮೀ. ಸಿಗುತ್ತದೆ, ಅಗಲಕ್ಕೆ ಅಡ್ಡಿಯಿಲ್ಲ. ಸಾಲಿನ ಎತ್ತರ ಮುಟ್ಟದೆಯೇ ಕೆಲಸವಾಯಿತು.

ಅದರ ಕೆಳಗೆ ಆಧಾರ ಎರಡು ಸಾಲು, ಷರತ್ತುಗಳು ಮೂರು ಸಾಲು. ನಡೆಯುತ್ತಾ ಬಳಸುವವರು, ಕೈ ನಡುಗುವವರು, ಕೈಗವಸು ಹಾಕಿದವರು ಈ ಸಂಖ್ಯೆಯ ವ್ಯಾಪ್ತಿಗೆ ಬರುತ್ತಾರೆಂದು ಎಣಿಸಬೇಡಿ. ಅಂಥವರು ನಿಮ್ಮ ಬಳಕೆದಾರರಾದರೆ ಅವರೊಂದಿಗೇ ಪರೀಕ್ಷಿಸಿ. ಷರತ್ತುಗಳನ್ನು ಸಣ್ಣ ಅಕ್ಷರದಲ್ಲಿ ಅಡಿಗೆ ತಳ್ಳಬಾರದು. ಮುಖ್ಯವಾದದ್ದು ಸಂಖ್ಯೆಯ ಪಕ್ಕದಲ್ಲೇ, ಅದೇ ವಾಕ್ಯದಲ್ಲೇ ಇರಬೇಕು, ಏಕೆಂದರೆ ನಾಳೆ ಯಾರೋ ಆ ಒಂದು ವಾಕ್ಯವನ್ನಷ್ಟೇ ನಕಲು ಮಾಡುತ್ತಾರೆ.

ಷರತ್ತು ಕಳಚಿಕೊಂಡ ಸಂಖ್ಯೆಗಳ ಗತಿ ಈ ಕ್ಷೇತ್ರದಲ್ಲಿ ಎಲ್ಲರೂ ಕಂಡದ್ದೇ. ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದ ಏಳು, ಎರಡು ಹೆಚ್ಚು ಕಡಿಮೆ, ಎಂಬುದು ತಕ್ಷಣದ ನೆನಪಿಗೆ ಮತ್ತು ಪ್ರಚೋದನೆಗಳನ್ನು ಗುರುತಿಸಿ ಹೇಳುವುದಕ್ಕೆ ಸಂಬಂಧಿಸಿದ ಮಾತು. ಮೆನುವಿನಲ್ಲಿ ಏಳೇ ಐಟಂ ಇರಬೇಕೆಂದು ಅದನ್ನು ಇಂದಿಗೂ ಎಳೆದು ತರುತ್ತಾರೆ. ಮೆನು ಕಣ್ಣೆದುರೇ ಇರುತ್ತದೆ, ನೆನಪಿಡುವ ಪ್ರಮೇಯವೇ ಇಲ್ಲ. ಐದು ಮಂದಿಯಲ್ಲಿ ಪರೀಕ್ಷಿಸಿದರೆ 85% ತೊಂದರೆಗಳು ಸಿಗುತ್ತವೆ ಎಂಬುದರ ಕಥೆಯೂ ಅದೇ. ನೀಲ್ಸನ್ ಮತ್ತು ಲ್ಯಾಂಡೌರ್ 1993ರಲ್ಲಿ ಕೊಟ್ಟ ಮಾದರಿಯಲ್ಲಿ ಒಬ್ಬ ಬಳಕೆದಾರನಿಗೆ ಒಂದು ತೊಂದರೆ ಎದುರಾಗುವ ಸಂಭವ ಸರಾಸರಿ 31% ಎಂದಿದೆ, 85 ಬರುವುದು ಆ 31ರಿಂದ. ಹತ್ತರಲ್ಲಿ ಒಬ್ಬರಿಗೆ ಮಾತ್ರ ಕಾಣುವ ತೊಂದರೆಯಾದರೆ ಐದು ಮಂದಿಯಲ್ಲಿ ಅದು ಸಿಗುವ ಸಂಭವ 41% ಅಷ್ಟೆ. ನಮ್ಮ ಡಿಲೀಟ್ ತೊಂದರೆ ಬಿಡುಗಡೆಗೆ ಮುಂಚಿನ ಐದು ಮಂದಿಯ ಪರೀಕ್ಷೆಯಲ್ಲಿ ಸಿಕ್ಕಿಬೀಳದೆ ಹೋದದ್ದರಲ್ಲಿ ಆಶ್ಚರ್ಯವೇನಿಲ್ಲ.

ಪುಟ ಮುಗಿದ ಮೇಲೆ ಅದನ್ನೂ ಪರೀಕ್ಷಿಸಬೇಕು. ಪೇಪರ್ ಓದಿರದ ಒಬ್ಬ ಡೆವಲಪರ್‌ಗೆ ಕೊಟ್ಟು, "ಅರ್ಥವಾಯಿತಾ?" ಎಂದು ಕೇಳಲಿಲ್ಲ. ಅದಕ್ಕೆ ಎಲ್ಲರೂ ಹೌದೆನ್ನುತ್ತಾರೆ. "ಇದನ್ನು ಓದಿ ನಾಳೆ ಬೆಳಗ್ಗೆ ಯಾವ ಫೈಲಿನಲ್ಲಿ ಏನು ಬದಲಿಸುತ್ತೀರಿ?" ಎಂದು ಕೇಳಿದ್ದು. ಅವರು ಐಕಾನಿನ ಚಿತ್ರವನ್ನೇ 58ಕ್ಕೆ ಹಿಗ್ಗಿಸುವುದಾಗಿ ಹೇಳಿದರು. ತಪ್ಪು ಅವರದ್ದಲ್ಲ, ಪುಟದಲ್ಲಿ "ಸ್ಪರ್ಶದ ಜಾಗ" ಎಂದಿತ್ತೇ ಹೊರತು ಚಿತ್ರ ಬೇರೆ, ಜಾಗ ಬೇರೆ ಎಂದು ಬಿಡಿಸಿ ಹೇಳಿರಲಿಲ್ಲ. "ಚಿತ್ರ 24 ಡಿಪಿಯೇ ಇರಲಿ, ಸುತ್ತ ಪ್ಯಾಡಿಂಗ್ ಕೊಡಿ" ಎಂಬ ಸಾಲು ಆಗ ಸೇರಿತು.

ಕೊನೆಯ ಚರ್ಚೆ ನಡೆದದ್ದು ಬಿಡುಗಡೆಯ ಕ್ರಮದ ಬಗ್ಗೆ. ಎಲ್ಲವನ್ನೂ ಒಟ್ಟಿಗೆ ಬಿಟ್ಟುಬಿಡೋಣ ಎಂದು ತಂಡ ಹೇಳಿತು. ಹಾಗೆ ಮಾಡಿದರೆ ಯಾವುದರಿಂದ ಎಷ್ಟು ಉಪಯೋಗವಾಯಿತೆಂದು ಎಂದಿಗೂ ತಿಳಿಯುವುದಿಲ್ಲ. ಅನ್‌ಡೂ ಮೊದಲು ಹೋಗಲಿ ಎಂದು ತೀರ್ಮಾನವಾಯಿತು. ಅದರಿಂದ ಬಳಕೆದಾರರ ದಾಖಲೆ ಅಂದೇ ಸುರಕ್ಷಿತವಾಗುತ್ತದೆ, ಅಳತೆಗೂ ಒಂದು ಸಾಧನ ಸಿಗುತ್ತದೆ. ಅನ್‌ಡೂ ಒತ್ತಿದ್ದನ್ನೆಲ್ಲ ತಪ್ಪೊತ್ತು ಎಂದು ಎಣಿಸುವಂತಿಲ್ಲ, ಮನಸ್ಸು ಬದಲಿಸಿದವರೂ ಅದನ್ನು ಒತ್ತುತ್ತಾರೆ. ಆ್ಯಪ್ ಬಳಕೆಯ ದಾಖಲೆಯಾದ ಲಾಗ್‌ನಲ್ಲಿ ಹುಡುಕಬೇಕಾದ ಜಾಡು ಇದು: ಡಿಲೀಟ್, ಕೆಲವೇ ಸೆಕೆಂಡಿನಲ್ಲಿ ಅನ್‌ಡೂ, ಕೂಡಲೇ ಅದೇ ಸಾಲಿನ ಎಡಿಟ್. ಎರಡು ವಾರ ಆ ಜಾಡನ್ನು ಎಣಿಸಿ, ಆಮೇಲೆ ಪ್ಯಾಡಿಂಗ್ ಸೇರಿಸಿ ಮತ್ತೆರಡು ವಾರ ಎಣಿಸುವುದು. ಡಿಲೀಟನ್ನು ಒಳಗೆ ಸರಿಸುವುದು ಮೂರನೆಯ ಹೆಜ್ಜೆ, ಅದರ ಹೊತ್ತಿಗೆ ಅಗತ್ಯ ಎಷ್ಟು ಉಳಿದಿದೆ ಎಂದು ಎಣಿಕೆಯೇ ಹೇಳುತ್ತದೆ. ಪುಟದ ಅಡಿಯಲ್ಲಿ ಆ ಮೂರು ಹೆಜ್ಜೆಗಳ ದಿನಾಂಕ, ಎಣಿಸುವವರ ಹೆಸರು ಬರೆದು ಕಳಿಸುವಷ್ಟರಲ್ಲಿ ಸಂಜೆ ಆರಾಗಿತ್ತು. ಆ ಮೂರು ಫೋನುಗಳಲ್ಲಿ ಒಂದು, ಸ್ಕೇಲಿನ ಜೊತೆ, ಡೆವಲಪರ್ ಮೇಜಿನ ಮೇಲೆಯೇ ಉಳಿಯಿತು.