ಖಾಲಿ ಗಾಡಿಗೆ ಬ್ರೇಕ್ ಯಾವಾಗಲೂ ಚೆನ್ನಾಗೇ ಇರುತ್ತೆ

ಹೋದ ವಾರ ನಮ್ಮ ಕಂಪನಿ ವರ್ಕ್‌ಶಾಪಿನ ಬೆಳಗಿನ ಮೀಟಿಂಗಿನಲ್ಲಿ ಹೊಸ ಫರ್ಮಾನು ಬಂತು. ಇನ್ನು ಮೇಲೆ ಪಿಕಪ್, ಟೆಂಪೊಗಳಿಗೆ ಬೇರೆ ಎಫ್‌ಐ, ಅಂದರೆ ಇನ್ನೊಬ್ಬರು ಮಾಡೋ ಫೈನಲ್ ಇನ್‌ಸ್ಪೆಕ್ಷನ್, ಇಲ್ಲ. ರಿಪೇರಿ ಬೇಯಲ್ಲಿ ಕೆಲಸ ಮಾಡಿದವನೇ ಟ್ಯಾಬ್‌ನಲ್ಲಿ ಟಿಕ್ ಹಾಕಿ ಜಾಬ್ ಕಾರ್ಡ್ ಕ್ಲೋಸ್ ಮಾಡಬೇಕು, ಗಾಡಿ ಸೀದಾ ವಾಷಿಂಗಿಗೆ ಹೋಗಬೇಕು. ಗಾಡಿ ಮುಗಿಸಿ ಕೊಡೋ ಹೊತ್ತು (ಟಿಎಟಿ) ಇಳಿಯುತ್ತೆ, ಕಸ್ಟಮರ್ ಮೆಚ್ಚುಗೆಯ ಅಂಕ (ಸಿಎಸ್‌ಐ) ಏರುತ್ತೆ ಅಂತ ಮ್ಯಾನೇಜರ್ ಸ್ಲೈಡ್ ತೋರಿಸಿದರು. ಹುಡುಗರೆಲ್ಲ ಚಪ್ಪಾಳೆ ತಟ್ಟಿದರು. ಹಿಂದೆ ಆಗಿದ್ದರೆ ಎಲ್ಲರಿಗಿಂತ ಜೋರಾಗಿ ತಟ್ಟುತ್ತಿದ್ದವನು ನಾನೇ. ಎಫ್‌ಐ ಮೇಸ್ತ್ರಿ ವಾಪಸ್ ಕಳಿಸಿದ ಗಾಡಿಗಳ ದೆಸೆಯಿಂದ ನನ್ನ ಎಷ್ಟೋ ಇನ್ಸೆಂಟಿವ್ ಕೈಬಿಟ್ಟು ಹೋಗಿದೆ. ಆದರೂ ಈ ಸಲ ಕೈ ಮೇಲೇಳಲಿಲ್ಲ. ಅದಕ್ಕೆ ಕಾರಣ ವರ್ಕ್‌ಶಾಪಿನಲ್ಲಿ ನಡೆದದ್ದಲ್ಲ, ನಮ್ಮ ಮನೆ ಹಿಂದಿನ ಶೆಡ್ಡಿನಲ್ಲಿ ಶುರುವಾಗಿ ಚಾರ್ಮಾಡಿ ಘಾಟಿಯಲ್ಲಿ ಬಯಲಿಗೆ ಬಂದದ್ದು.

ನಮ್ಮ ಭಾವ ಕಡೂರು ಕಡೆಯಿಂದ ಕುರಿಗೊಬ್ಬರ ಎತ್ತಿ, ಘಟ್ಟದ ಕೆಳಗೆ ಉಜಿರೆ, ಬೆಳ್ತಂಗಡಿಯ ಅಡಿಕೆ ತೋಟದವರಿಗೆ ಮಾರುತ್ತಾರೆ. ಬಂದ ಲಾಭವೆಲ್ಲ ಬಾಡಿಗೆ ಗಾಡಿಗೇ ಹೋಗ್ತಿದೆ ಅನ್ನೋದು ಅವರ ಹಳೇ ಗೋಳು. ಮೂಡಿಗೆರೆ ಹತ್ತಿರದ ಒಂದು ಎಸ್ಟೇಟಿನ ಗೋದಾಮಿನಲ್ಲಿ ಹಳೇ ಬೊಲೆರೊ ಡಿಐ ಪಿಕಪ್ ಒಂದು ವರ್ಷಗಟ್ಟಲೆ ನಿಂತಿತ್ತು. ಸೀಟಿನ ಮೇಲೆ ಕೋಳಿ ಕಾವು ಕೂತಿತ್ತು ಅಂದರೆ ಉತ್ಪ್ರೇಕ್ಷೆಯಲ್ಲ, ಮೊಟ್ಟೆ ನಾನೇ ಎತ್ತಿಟ್ಟೆ. ಗುಜರಿ ರೇಟಿಗಿಂತ ಸ್ವಲ್ಪ ಹೆಚ್ಚು ಕೊಟ್ಟು ಭಾವ ಅದನ್ನು ಎಳೆಸಿಕೊಂಡು ಬಂದು ನಮ್ಮ ಅಂಗಳದಲ್ಲಿ ಬಿಟ್ಟರು. "ನೀನಿದ್ದೀಯಲ್ಲ ಮಾರಾಯ, ಕಂಪನಿ ಮೆಕ್ಯಾನಿಕ್ಕು. ಇಲ್ಲೇ ಕಟ್ಟು. ಗಾಡಿ ದುಡ್ಡೂ ಸೇರಿ ಒಂದೂವರೆ ಲಕ್ಷ, ಅದರ ಮೇಲೆ ಒಂದು ರೂಪಾಯಿ ಇಲ್ಲ."

ಇಂಜಿನ್ ವಿಷಯದಲ್ಲಿ ನನಗೆ ಭಯ ಇರಲಿಲ್ಲ. 2523 ಸಿಸಿಯ ಆ ಎಂಡಿಐ ಇಂಜಿನ್ ಮೂರೂವರೆ ಇಂಚು ಬೋರು, ನಾಲ್ಕು ಇಂಚು ಸ್ಟ್ರೋಕಿನ ಗಟ್ಟಿ ಕಬ್ಬಿಣ, ಟ್ರ್ಯಾಕ್ಟರಿನ ಹತ್ತಿರದ ನೆಂಟ. ಸೆನ್ಸರ್ ಇಲ್ಲ, ಸ್ಕ್ಯಾನರ್ ಬೇಡ. ಡೀಸೆಲ್, ಗಾಳಿ, ಕಂಪ್ರೆಷನ್ ಮೂರಿದ್ದರೆ ಓಡುತ್ತೆ. ಹೆಡ್ ಇಳಿಸಿ ಫೇಸಿಂಗ್ ಮಾಡಿಸಿದೆ, ರಿಂಗ್ ಸೆಟ್ ಹಾಕಿದೆ, ಪಂಪನ್ನು ಕ್ಯಾಲಿಬ್ರೇಷನ್‌ಗೆ ಕೊಟ್ಟೆ. ಮಲೆನಾಡಿನ ಮಳೆಗೆ ಕ್ಯಾಬಿನ್ನಿನ ತಳ ಜರಡಿಯಾಗಿತ್ತು, ತಗಡು ಕತ್ತರಿಸಿ ವೆಲ್ಡ್ ಮಾಡಿದೆ. ಗೇರ್‌ಬಾಕ್ಸ್ ಹಾಸನದ ಗುಜರಿಯಿಂದ ಬಂತು. ರಾತ್ರಿ ಡ್ಯೂಟಿ ಮುಗಿಸಿ ಬಂದು ಶೆಡ್ಡಿನಲ್ಲಿ ಒಬ್ಬನೇ ಕೆಲಸ ಮಾಡುವಾಗ ಎಷ್ಟು ಸುಖ ಅನ್ನಿಸ್ತಿತ್ತು ಗೊತ್ತಾ? ಸೂಪರ್‌ವೈಸರ್ ಇಲ್ಲ, ಇಷ್ಟು ಕೆಲಸಕ್ಕೆ ಇಷ್ಟೇ ಹೊತ್ತು ಅನ್ನೋ ಫ್ಲ್ಯಾಟ್ ರೇಟ್ ಅವರ್ ಇಲ್ಲ, ಸ್ಪೇರ್ಸ್ ಕೌಂಟರಿನಲ್ಲಿ ಇಂಡೆಂಟ್ ಹಿಡಿದು ನಿಲ್ಲೋದಿಲ್ಲ. ಮುಖ್ಯವಾಗಿ ಆ ಎಫ್‌ಐ ಮೇಸ್ತ್ರಿಯ ಟಾರ್ಚು ಇಲ್ಲ.

ಭಾವನ ಮೊದಲ ಬೇಡಿಕೆ ಬಾಡಿಯನ್ನು ಹಿಂದಕ್ಕೆ ಒಂದಡಿ ಉದ್ದ ಮಾಡು ಅಂತ. ಮಾಡಲ್ಲ ಅಂದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ರೂಪ ಬದಲಾಯಿಸೋ ಹಾಗಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿದೆ, ಎಫ್‌ಸಿಗೆ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟಿಗೆ ಹೋದಾಗ ಅಳತೆ ಹಿಡಿದರೆ ಗಾಡಿ ಅಲ್ಲೇ ನಿಲ್ಲುತ್ತೆ ಅಂತ ದೊಡ್ಡ ಭಾಷಣ ಬಿಗಿದೆ. ಎರಡನೇ ಬೇಡಿಕೆ, "ಹಂಗಾದ್ರೆ ಹಿಂದೆ ಎರಡು ಪ್ಲೇಟ್ ಜಾಸ್ತಿ ಹಾಕು, ಗೊಬ್ಬರ ತುಂಬಿದ್ರೆ ಕೂತ್ಕೊಳ್ಳುತ್ತೆ." ಇದಕ್ಕೆ ಹೂಂ ಅಂದೆ. ನಮ್ಮ ಕಡೆ ಸ್ಪ್ರಿಂಗ್ ಪ್ಲೇಟ್ ಹೆಚ್ಚು ಹಾಕದ ಪಿಕಪ್ ತೋರಿಸಿ ನೋಡೋಣ. ಕಣ್ಣಿಗೆ ಕಾಣೋ ತಪ್ಪಿಗೆ ಕಾನೂನು ಹೇಳಿದವನು, ಕಾಣದ ತಪ್ಪನ್ನು ಕೈಯಾರೆ ಮಾಡಿದೆ.

ಪ್ಲೇಟ್ ಹಾಕಿ ಯು-ಬೋಲ್ಟ್ ಬಿಗಿದ ಮೇಲೆ ಗಾಡಿಯ ಹಿಂಭಾಗ ಚೆನ್ನಾಗಿ ಎದ್ದು ನಿಂತಿತು. ಆಮೇಲೆ ಎಲ್‌ಎಸ್‌ಪಿವಿ ಅನ್ನೋ ಬ್ರೇಕ್ ವಾಲ್ವಿನ ರಾಡ್ ಸಿಕ್ಕಿಸಲು ಹೋದರೆ ಉದ್ದ ಸಾಲದು. ಚಾಸಿಯಲ್ಲಿ ವಾಲ್ವು, ಕೆಳಗೆ ಹಿಂದಿನ ಆಕ್ಸಲ್ ಹೌಸಿಂಗ್‌ನಲ್ಲಿ ಅದರ ಕೊಂಡಿ, ಮಧ್ಯದ ಅಂತರ ಹೆಚ್ಚಾಗಿತ್ತಲ್ಲ. ಎಳೆದು ಸಿಕ್ಕಿಸಿದೆ. ಸಿಕ್ಕಿತು. ಮುಂದಿನ ಕೆಲಸಕ್ಕೆ ಹೋದೆ.

ಆ ವಾಲ್ವ್ ಇರೋದೇ ಆ ಅಂತರ ಅಳೆಯೋಕೆ. ಗಾಡಿ ಖಾಲಿ ಇದ್ದಾಗ ಚಾಸಿ ಮೇಲಿರುತ್ತೆ, ವಾಲ್ವ್ ಹಿಂದಿನ ಬ್ರೇಕಿಗೆ ಹೋಗುವ ಪ್ರೆಷರ್ ತಡೆಯುತ್ತೆ, ಇಲ್ಲದಿದ್ದರೆ ಭಾರವಿಲ್ಲದ ಹಿಂದಿನ ಚಕ್ರ ಲಾಕ್ ಆಗಿ ಗಾಡಿ ತಿರುಗಿ ನಿಲ್ಲುತ್ತೆ. ಲೋಡ್ ಬಿದ್ದಾಗ ಚಾಸಿ ಕೆಳಗಿಳಿದು ರಾಡ್ ಒತ್ತುತ್ತೆ, ಹಿಂದಕ್ಕೆ ಪೂರ್ತಿ ಪ್ರೆಷರ್ ಹೋಗುತ್ತೆ. ಪ್ಲೇಟ್ ಹೆಚ್ಚಿಸಿದರೆ ಲೋಡ್ ಹಾಕಿದರೂ ಚಾಸಿ ಇಳಿಯಲ್ಲ. ಒಂದೂಕಾಲು ಟನ್ ಗೊಬ್ಬರ ಹೊತ್ತ ಗಾಡಿಯನ್ನು ವಾಲ್ವ್ ಖಾಲಿ ಅಂತಲೇ ತಿಳಿದುಕೊಂಡಿರುತ್ತೆ. ಇದನ್ನು ನಾನೇ ಟ್ರೈನಿಂಗಿನಲ್ಲಿ ಹುಡುಗರಿಗೆ ಹೇಳಿಕೊಟ್ಟಿದ್ದೇನೆ, ಬೋರ್ಡ್ ಮೇಲೆ ಚಿತ್ರ ಬರೆದು. ನಮ್ಮ ಶೆಡ್ಡಿನಲ್ಲಿ ಬೋರ್ಡ್ ಇರಲಿಲ್ಲ ಅಷ್ಟೆ.

ಇನ್ನೊಂದು, ಬ್ರೇಕ್ ಆಯಿಲ್. ಬಜೆಟ್ ಅಷ್ಟರಲ್ಲಿ ಕೊನೆಗೆ ಬಂದಿತ್ತು. ಶೆಲ್ಫಿನಲ್ಲಿ ಅರ್ಧ ಖಾಲಿಯಾದ ಡಾಟ್-3 ಡಬ್ಬ ಇತ್ತು, ಹಿಂದಿನ ಮಳೆಗಾಲಕ್ಕಿಂತ ಮುಂಚೆ ಒಡೆದದ್ದು, ಮುಚ್ಚಳ ಸರಿ ಕೂರುತ್ತಿರಲಿಲ್ಲ. ಪೇಂಟಿಗೆ, ಹೊಸ ಸೀಟ್ ಕವರಿಗೆ ಸಾವಿರಗಟ್ಟಲೆ ಸುರಿದವನು ಇಲ್ಲಿ ನೂರಿನ್ನೂರು ಉಳಿಸಿದೆ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತೆ. ಹೊಸ ಡಾಟ್-3 ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು, ನೀರು ಕುಡಿದದ್ದಕ್ಕೆ ಮಾನದಂಡವೇ 140ಕ್ಕೆ ಇಳಿಯುತ್ತೆ. ಮಲೆನಾಡಿನಲ್ಲಿ ಒಂದು ಮಳೆಗಾಲ ಕಂಡ ಡಬ್ಬದ್ದು ಎಷ್ಟಿತ್ತೋ. ಬ್ರೇಕ್ ಲೈನಿನ ಗಾಳಿ ತೆಗೆಯೋ ಬ್ಲೀಡಿಂಗ್ ಮಾಡಿದ್ದೂ ಗಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಹೌಸಿಂಗ್ ನೇತಾಡುತ್ತಿರುವಾಗ, ಅಂದರೆ ವಾಲ್ವ್ ಗಾಡಿ ಖಾಲಿ ಅಂತ ತಡೆ ಹಿಡಿದಿರುವಾಗ. ಬಾರದ್ದು ಯಾವುದನ್ನೂ ಮಾಡಿಲ್ಲ ನೋಡಿ, ಎಲ್ಲ ಬಲ್ಲದ್ದನ್ನೇ ತಪ್ಪಾಗಿ ಮಾಡಿದ್ದು.

ಖಾಲಿ ಗಾಡಿಯ ಟ್ರಯಲ್ ಅದ್ಭುತವಾಗಿತ್ತು. ಇಂಜಿನ್ ಆಫ್ ಮಾಡಿ ಪೆಡಲ್ ನಾಲ್ಕಾರು ಸಲ ಒತ್ತಿ, ಕಾಲಿಟ್ಟುಕೊಂಡೇ ಸ್ಟಾರ್ಟ್ ಮಾಡಿದರೆ ಪೆಡಲ್ ಸ್ವಲ್ಪ ಕೆಳಗಿಳಿಯಿತು, ಅಂದರೆ ಬೂಸ್ಟರ್ ಸರಿ ಇದೆ. ಒತ್ತಿದಲ್ಲಿ ಗಾಡಿ ನಿಲ್ಲುತ್ತಿತ್ತು. ಎಫ್‌ಸಿಯೂ ಆಯಿತು, ಅಲ್ಲೂ ಗಾಡಿ ಖಾಲಿಯೇ ತಾನೆ. ಭಾವ ಮುಂದಿನ ಗ್ಲಾಸಿನ ಮೇಲೆ ಅಮ್ಮನ ಹೆಸರು ಬರೆಸಿದರು.

ಮೊದಲ ಲೋಡಿಗೆ ನಾನೇ ಸ್ಟೀರಿಂಗ್ ಹಿಡಿದೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದೆವು, ಅಣ್ಣಪ್ಪ ಸ್ವಾಮಿ ಗುಡಿಯಲ್ಲಿ ಕೈ ಮುಗಿದೆವು. ಯಾವ ಗೇರಲ್ಲಿ ಹತ್ತುತ್ತೀಯೋ ಅದೇ ಗೇರಲ್ಲಿ ಇಳಿ ಅನ್ನೋದು ಘಾಟಿ ಡ್ರೈವರುಗಳ ಮಾತು. ನಾನು ಮೂರರಲ್ಲಿ ಬಿಟ್ಟೆ, ನನ್ನ ಬ್ರೇಕಿನ ಮೇಲೆ ಅಷ್ಟು ನಂಬಿಕೆ. ಭಾವನಿಗೆ ತೋರಿಸುವ ಚಪಲ ಬೇರೆ. ಮೊದಲ ತಿರುವುಗಳಲ್ಲಿ ಸೊಗಸಾಗಿ ಹಿಡಿಯಿತು. ಆಮೇಲೆ ಸುಟ್ಟ ವಾಸನೆ. "ಏನೋ ಇದು?" ಅಂದರು ಭಾವ. ಹೊಸ ಪ್ಯಾಡು, ಕೂತ್ಕೊಳ್ತಿದೆ ಅಂದೆ. ಬಾಯಲ್ಲಿ ಹಾಗಂದರೂ ಮೂಗಿಗೆ ಗೊತ್ತಿತ್ತು. ಅಲ್ಲೇ ಒಂದು ಅಗಲ ಜಾಗ ಬಂತು, ನಿಲ್ಲಿಸಬಹುದಿತ್ತು. ಇನ್ನೊಂದು ತಿರುವು ದಾಟಿ ನೋಡೋಣ ಅಂದುಕೊಂಡೆ. ಆ ಅಗಲ ಜಾಗ ಈಗಲೂ ಒಮ್ಮೊಮ್ಮೆ ಕಣ್ಣಿಗೆ ಕಟ್ಟುತ್ತೆ.

ಮುಂದಿನ ತಿರುವಿನಲ್ಲಿ ಪೆಡಲ್ ಅರ್ಧಕ್ಕೆ ಹೋಯಿತು. ಪಂಪ್ ಮಾಡಿದೆ, ಎದ್ದು ಬಂತು. ಅದರ ಮುಂದಿನದರಲ್ಲಿ ಪಂಪ್ ಮಾಡಿದರೂ ಸ್ಪಂಜು ತುಳಿದ ಹಾಗೆ. ಮೂರನೆಯದರಲ್ಲಿ ಕಾಲು ಸೀದಾ ಫ್ಲೋರ್ ಮ್ಯಾಟ್ ಮುಟ್ಟಿತು. ಕೆಳಗಿಂದ ಕೆಂಪು ಬಸ್ಸು ಹತ್ತಿ ಬರುತ್ತಿತ್ತು. ಹಾರನ್ ಮೇಲೆ ಕೈ ಒತ್ತಿಯೇ ಇಟ್ಟಿದ್ದೆ, ಭಾವ ಡ್ಯಾಶ್‌ಬೋರ್ಡ್ ಹಿಡಿದು ಏನೋ ಕೂಗುತ್ತಿದ್ದರು, ಒಂದಕ್ಷರ ತಲೆಗೆ ಹೋಗಲಿಲ್ಲ. ಡಬಲ್ ಕ್ಲಚ್ ಕೊಟ್ಟು ಎರಡಕ್ಕೆ ತಳ್ಳಿದೆ, ಇಂಜಿನ್ ಕಿರುಚಿತು, ಗಾಡಿ ಸ್ವಲ್ಪ ಮುಗ್ಗರಿಸಿತು. ಒಂದಕ್ಕೆ ಹಾಕಲು ಹೋದರೆ ಕರಕರ ಶಬ್ದ ಬಂತೇ ಹೊರತು ಗೇರ್ ಬೀಳಲಿಲ್ಲ, ಎರಡಕ್ಕೇ ವಾಪಸ್ ಹಾಕಿದೆ. ಬಸ್ಸಿನ ಡ್ರೈವರ್ ಪುಣ್ಯಾತ್ಮ, ವಿಷಯ ಅರ್ಥ ಮಾಡಿಕೊಂಡು ತಿರುವಿಗೆ ಮುಂಚೆಯೇ ನಿಂತ. ಹ್ಯಾಂಡ್‌ಬ್ರೇಕ್ ಬಟನ್ ಒತ್ತಿ ಹಿಡಿದೇ ಸ್ವಲ್ಪ ಸ್ವಲ್ಪವಾಗಿ ಎಳೆದೆ. ಹಿಡಿಯಿತು! ನಂಬಲು ಆಗದಷ್ಟು ಚೆನ್ನಾಗಿ ಹಿಡಿಯಿತು. ಅದೃಷ್ಟಕ್ಕೆ ಗುಡ್ಡ ಕಡಿದ ಧರೆ ನಮ್ಮ ಎಡಕ್ಕಿತ್ತು. ಎಡಗಡೆ ಚಕ್ರಗಳನ್ನು ಚರಂಡಿಗೆ ಇಳಿಸಿ, ಬಂಪರ್ ಧರೆಗೆ ಉಜ್ಜಿಕೊಂಡು ನಿಂತೆವು. ಹೊಸ ಪೇಂಟು ಹೋಯಿತು.

ಭಾವ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟರು. ಬಸ್ಸು ಪಕ್ಕದಲ್ಲಿ ಹಾದು ಹೋಗುವಾಗ ಕಂಡಕ್ಟರ್ ಏನು ಬೈದ ಅನ್ನೋದನ್ನು ಇಲ್ಲಿ ಬರೆಯಲಾರೆ. ಸ್ವಲ್ಪ ಹೊತ್ತು ಬಿಟ್ಟು ಪೆಡಲ್ ಒತ್ತಿ ನೋಡಿದರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಗಟ್ಟಿಯಾಗಿತ್ತು. ಕುದ್ದ ಆಯಿಲ್ ತಣ್ಣಗಾಗಿ, ಪೆಡಲ್ ಒತ್ತಿದರೆ ಕುಗ್ಗುತ್ತಿದ್ದ ಆವಿಯೆಲ್ಲ ಇಳಿದಿತ್ತು. ನನಗೆ ನಿಜವಾಗಿ ನಡುಕ ಹುಟ್ಟಿದ್ದು ಆಗ. ಈ ಗಾಡಿಯನ್ನು ಆ ಕ್ಷಣ ಯಾವ ವರ್ಕ್‌ಶಾಪಿಗೆ ತಂದಿದ್ದರೂ ಬ್ರೇಕ್ ಓಕೆ ಅಂತಲೇ ಬರೆಯುತ್ತಿದ್ದರು. ನಾನೂ ಬರೆಯುತ್ತಿದ್ದೆ.

ಒಂದನೇ ಗೇರಿನಲ್ಲಿ ತೆವಳಿಕೊಂಡು ಕೆಳಗಿಳಿದೆವು. ಎರಡು ದಿನ ಮರ್ಯಾದೆ ಬಿಡಲಿಲ್ಲ, ಆಮೇಲೆ ಎಫ್‌ಐ ಮೇಸ್ತ್ರಿಯನ್ನು ಮನೆಗೆ ಕರೆದೆ. ಭಾನುವಾರ ಬಂದರು. ಕಾಫಿ ಕುಡಿದರು, ಬಾನೆಟ್ ಎತ್ತಲೇ ಇಲ್ಲ. ಲೋಡ್ ಹಾಕಿಸು ಅಂದರು. ಊರ ಹತ್ತಿರದ ಇಳಿಜಾರಿನಲ್ಲಿ ಒಂದನೇ ಗೇರಿನಲ್ಲೇ, ಬ್ರೇಕ್ ಒತ್ತಿಕೊಂಡು ಇಳಿಸಿ ನಿಲ್ಲಿಸಿದೆ. ಮುಂದಿನ ಡಿಸ್ಕಿಗೆ ಬಾಟಲಿಯಿಂದ ನೀರು ಚಿಮುಕಿಸಿದರು, ಚುಂಯ್ ಅಂತು. ಹಿಂದಿನ ಡ್ರಮ್ಮಿನ ಮೇಲೆ ಅಂಗೈ ಇಟ್ಟರು. ತೆಗೆಯಲಿಲ್ಲ, ಇಟ್ಟುಕೊಂಡೇ ನನ್ನ ಮುಖ ನೋಡಿದರು.

"ಇದು ಕೆಲಸನೇ ಮಾಡ್ತಿಲ್ಲವಲ್ಲೋ. ಲೋಡ್ ಟೆಸ್ಟ್ ಮಾಡಿದ್ಯಾ?"

"ಖಾಲಿ ಮಾಡಿದ್ದೆ ಮೇಸ್ತ್ರಿ, ಚೆನ್ನಾಗಿ ಹಿಡೀತಿತ್ತು."

"ಖಾಲಿ ಗಾಡಿಗೆ ಬ್ರೇಕ್ ಯಾವಾಗ್ಲೂ ಚೆನ್ನಾಗೇ ಇರುತ್ತೆ ಕಣಯ್ಯ."

ಕೆಳಗೆ ತೂರಿ, ಟಾರ್ಚ್ ಬಿಟ್ಟು, ಎಳೆದು ಕಟ್ಟಿದ ರಾಡನ್ನು ತೋರಿಸಿದರು. ಘಾಟಿಯಲ್ಲಿ ಹ್ಯಾಂಡ್‌ಬ್ರೇಕ್ ಅಷ್ಟು ಚೆನ್ನಾಗಿ ಹಿಡಿದದ್ದು ಯಾಕೆ ಅಂತ ಆಗ ತಿಳಿಯಿತು. ಅದರ ಕೇಬಲ್ ಸೀದಾ ಹಿಂದಿನ ಶೂ ಎಳೆಯುತ್ತೆ, ವಾಲ್ವಿಗೂ ಅದಕ್ಕೂ ಸಂಬಂಧ ಇಲ್ಲ. ದಾರಿಯುದ್ದಕ್ಕೂ ಮುಂದಿನ ಡಿಸ್ಕುಗಳೇ ಗೊಬ್ಬರದ ಭಾರವನ್ನೆಲ್ಲ ತಡೆದು ಆಯಿಲ್ ಕುದಿಸಿದ್ದವು, ಹಿಂದಿನ ಶೂಗಳು ಕೆಲಸವಿಲ್ಲದೆ ತಣ್ಣಗೆ ಕೂತಿದ್ದವು.

ಹೆಚ್ಚಿನ ಪ್ಲೇಟ್ ಬಿಚ್ಚಿ, ಹಳೇ ಸೆಟ್ಟಿಗೇ ಬಾಗು ಕೊಡಿಸಿ ಹಾಕಿದೆ. ಲೈನ್ ಪೂರ್ತಿ ತೊಳೆದು ಸೀಲ್ ಒಡೆಯದ ಡಬ್ಬದ ಆಯಿಲ್ ತುಂಬಿದೆ. ಕ್ಯಾಲಿಪರ್ ಸೀಲ್, ಹೋಸ್ ಹೊಸದು ಬಂದವು. ವಾಲ್ವ್ ಸೆಟ್ಟಿಂಗ್ ಮಾಡಿದ್ದು ಗಾಡಿಯನ್ನು ನೆಲದ ಮೇಲೆ ಅದರ ಕಾಲಿನ ಮೇಲೇ ನಿಲ್ಲಿಸಿ, ಮೇಸ್ತ್ರಿ ಪಕ್ಕದಲ್ಲಿ ನಿಂತು. ಬಜೆಟ್ ಮೀರಿತು, ಮೀರಿದ ದುಡ್ಡು ನನ್ನ ಜೇಬಿನದು. ಆಮೇಲಿಂದ ನಾನು ಮುಟ್ಟಿದ ಬ್ರೇಕನ್ನು ಇನ್ನೊಬ್ಬರು ನೋಡದೆ ಗಾಡಿ ಅಂಗಳ ದಾಟಿಲ್ಲ. ಕೆಲಸ ಬರದವರಾದರೂ ಪರವಾಗಿಲ್ಲ, ಒಂದು ಪ್ರಶ್ನೆ ಕೇಳಿದರೆ ಸಾಕು.

ವರ್ಕ್‌ಶಾಪಿನಲ್ಲಿ ನೋಡಿದರೆ ಟ್ಯಾಬ್‌ನಲ್ಲಿ ಬ್ರೇಕಿಗೆ ಇರೋದು ಒಂದೇ ಸಾಲು, ಓಕೆ ಅಥವಾ ನಾಟ್ ಓಕೆ. ಲೋಡ್ ಇತ್ತಾ, ಖಾಲಿಯಾ ಅಂತ ಕೇಳಲ್ಲ. ಓಕೆ ಅನ್ನೋದು ಮೊದಲೇ ಹಸಿರಾಗಿರುತ್ತೆ, ಕೆಂಪು ಮಾಡಬೇಕಾದರೆ ಫೋಟೊ ಹಾಕಿ ಕಾರಣ ಟೈಪ್ ಮಾಡಬೇಕು. ಸಂಜೆ ಐದೂಮುಕ್ಕಾಲಿಗೆ, ಕಸ್ಟಮರ್ ಲಾಂಜಿನಲ್ಲಿ ಕೂತಿರುವಾಗ ಯಾರು ಮಾಡ್ತಾರೆ? ಮೀಟಿಂಗ್ ಮುಗಿದ ಮೇಲೆ ಮ್ಯಾನೇಜರಿಗೆ ಹೇಳಿದೆ. ಸಜೆಷನ್ ಪೋರ್ಟಲ್‌ನಲ್ಲಿ ಹಾಕಿ ಅಂದರು, ಹಾಕಿದೆ. ಮೇಸ್ತ್ರಿಯನ್ನು ಗೇಟಿನ ರಿಸೆಪ್ಷನ್‌ಗೆ ಹಾಕಿದ್ದಾರೆ, ಬರುವ ಗಾಡಿಗಳ ಮೈಮೇಲಿನ ಗೀರು ಬರೆದುಕೊಳ್ಳೋ ಕೆಲಸ.

ಪಿಕಪ್ ಚೆನ್ನಾಗಿ ಓಡುತ್ತಿದೆ. ಭಾವ ಮೊನ್ನೆ ಫೋನ್ ಮಾಡಿದ್ದರು. ಹಿಂದೆ ಒಂದೇ ಒಂದು ಪ್ಲೇಟ್ ಹಾಕಿಕೊಟ್ಟರೆ ಇನ್ನೈದು ಚೀಲ ಹಿಡಿಯುತ್ತಲ್ಲ ಅಂದರು. ಆಗಲ್ಲ ಭಾವ, ಬೇಕಾದರೆ ಬೇರೆ ಗ್ಯಾರೇಜ್ ನೋಡಿಕೊಳ್ಳಿ ಅಂದೆ. "ಕೇಳಿದೆ ಮಾರಾಯ, ಬೆಳಿಗ್ಗೆ ಬಿಟ್ರೆ ಮಧ್ಯಾಹ್ನದೊಳಗೆ ಹಾಕಿಕೊಡ್ತಾರಂತೆ" ಅಂದರು.